ದೇವದುರ್ಗದಲ್ಲಿ ಬಿದ್ದ ಬೋಸ್ಟನ್ನಿನ ಹಿಮ

ಎಂಬತ್ತರ ದಶಕದ ನಡುವೆ ಯಾವಾಗಲೋ ರಾಯಚೂರಿನ ನಮ್ಮ ಬಾಡಿಗೆ ಮನೆಗೆ ಒಂದು ಕಪ್ಪು-ಬಿಳುಪಿನ ಟೀವಿ ಬಂತು. ಮರದ ಪೆಟ್ಟಿಗೆ, ಅದಕ್ಕೆರಡು ಬಾಗಿಲು, ಬಾಗಿಲಿಗೊಂದು ಬೀಗ. ಬೀಗ ಯಾಕೆಂದು ನನ್ನನ್ನು ಕೇಳಬೇಡಿ, ಅದು ನಮ್ಮ ಯಜಮಾನರ ಮುಂಜಾಗ್ರತೆ. ಸ್ವಲ್ಪ ಗಾಳಿ ಬೀಸಿದರೆ ಸಾಕು, ಮಾಳಿಗೆಯ ಮೇಲಿನ ಆಂಟೆನಾ ಮುಖ ತಿರುಗಿಸಿಬಿಡುತ್ತಿತ್ತು. ವಾರ್ತೆ ಓದುತ್ತಿದ್ದ ಹೆಣ್ಣುಮಗಳು ಮಾಯವಾಗಿ ತೆರೆಯ ತುಂಬ ಬಿಳಿ ಕಾಳು ಸುರಿಯತೊಡಗುತ್ತಿದ್ದವು. ಯಜಮಾನರು ಮಾಳಿಗೆ ಹತ್ತಿ "ಈಗ ಬಂತೇನು? ಈಗ ಬಂತೇನು?" ಎಂದು ಕೂಗುತ್ತಿದ್ದರು. ಕೆಳಗೆ ಕೂತ ನಾನು ಉತ್ತರ ಕೊಡುವ ಬದಲು ಸೀನುತ್ತಿದ್ದೆ.

"ಟೀವಿ ಮ್ಯಾಲೆ ಧೂಳು ಕುಂತಾದ, ಒರಸಬಾರದೇನು?" ಎಂದು ಮೇಲಿನಿಂದ ಬೈಗುಳ ಬರುತ್ತಿತ್ತು.

ಧೂಳಿನ ಪಾಪ ಏನೂ ಇಲ್ಲ. ನನಗೆ ಹಿಮ ಕಂಡರೆ ಸೀನು ಬರುತ್ತದೆ, ಹಿಮದಂಥದ್ದು ಕಂಡರೂ ಬರುತ್ತದೆ. ಬೇಸಿಗೆಯಲ್ಲಿ ಬಂಡೆಗೆ ನೀರು ಚೆಲ್ಲಿ ಅದರ ಮೇಲೆ ಅಂಗಾತ ಮಲಗಿ ಬೆಳೆದ ರಾಯಚೂರು ಜಿಲ್ಲೆಯವಳಿಗೆ ಇದೆಂಥ ಕಾಯಿಲೆ ಎಂದು ನೀವು ನಗುತ್ತೀರಿ. ನಗಿ. ಆದರೆ ನಾನು ಹಿಮಪಾತ ಕಂಡವಳು. ಅದೂ ಎಲ್ಲಿಯದು, ಬೋಸ್ಟನ್ನಿನದು. ಕಂಡದ್ದು ದೇವದುರ್ಗದಲ್ಲಿ, ಒಂಬತ್ತನೇ ತರಗತಿಯಲ್ಲಿದ್ದಾಗ.

ಅದಕ್ಕೆ ಮೊದಲು ನಮ್ಮ ಮನೆಯ ಘಾಟಿನ ಬಗ್ಗೆ ಹೇಳಬೇಕು. ಅಪ್ಪ ದೇವದುರ್ಗದಲ್ಲಿ ಹಮಾಲಿ ಮಾಡುತ್ತಿದ್ದ. ವ್ಯಾಪಾರಿಗಳ ಮೆಣಸಿನಕಾಯಿ ಚೀಲಗಳು ಅವನ ಬೆನ್ನೇರಿ ನಮ್ಮ ಮನೆಗೇ ಬರುತ್ತಿದ್ದವು, ಯಾಕೆಂದರೆ ಅವ್ವ ತೊಟ್ಟು ಬಿಡಿಸುವ ಕೆಲಸ ಹಿಡಿದಿದ್ದಳು. ಅವ್ವ, ಅಕ್ಕ ದೇವಮ್ಮ, ನಾನು ಮೂವರೂ ಕೆಂಪು ರಾಶಿಯ ಸುತ್ತ ಕೂತು ತೊಟ್ಟು ಮುರಿಯುತ್ತಿದ್ದೆವು. ಗೋಡೆ, ಕೌದಿ, ನನ್ನ ಗಣಿತದ ಪುಸ್ತಕ, ಕೊನೆಗೆ ಬೆಕ್ಕು ಕೂಡ ಖಾರ ಖಾರ. ನಮ್ಮ ಮೂಗುಗಳು ಎಂದೋ ಸೋತು ಸುಮ್ಮನಾಗಿದ್ದವು. ಹೊರಗಿನವರು ಮಾತ್ರ ಹೊಸ್ತಿಲು ದಾಟುತ್ತಲೇ ಸೀನುತ್ತಿದ್ದರು. ಟಪಾಲಿನವನಂತೂ ಬೀದಿಯಿಂದಲೇ ಕಾಗದ ಎಸೆದು, ಸೀನಿ, ಹೋಗುತ್ತಿದ್ದ. ಇನ್ನೊಬ್ಬರ ಮನೆಗೆ ಹೋದಾಗ ಸೀನುವುದು ನಮಸ್ಕಾರದ ಹಾಗೆ ಒಂದು ಮರ್ಯಾದೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಒಮ್ಮೆ ಹೆಡ್‌ಮಾಸ್ತರರ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು ಸುಳ್ಳುಸುಳ್ಳೇ ಸೀನಿ ಒಳಗೆ ಕಾಲಿಟ್ಟಿದ್ದೇನೆ.

ಬರೀ ಸೀನಾಗಿದ್ದರೆ ಏನೂ ಇರಲಿಲ್ಲ. ಒಂಟಿ ಸೀನು ಎಂಬುದೊಂದಿತ್ತಲ್ಲ! ಒಳ್ಳೆಯ ಮಾತು ನಡೆದಿರುವಾಗ ಒಂಟಿ ಸೀನು ಬಿದ್ದರೆ ಮುಗಿಯಿತು, ಕೆಲಸ ಕೆಟ್ಟಂತೆ. ಜೋಡಿ ಸೀನು ಬಿದ್ದರೆ ಶುಭ. ಅಪ್ಪ ಎಲ್ಲಿಗಾದರೂ ಹೊರಟಾಗ ಯಾರಾದರೂ ಒಂದೇ ಸೀನಿದರೆ ಮರಳಿ ಬಂದು, ಕೂತು, ನೀರು ಕುಡಿದು ಹೋಗುತ್ತಿದ್ದ. ನಮ್ಮ ಮನೆಯ ಸ್ಥಿತಿಯಲ್ಲಿ ಅವನು ಕುಡಿದ ನೀರಿಗೆ ಲೆಕ್ಕವಿಲ್ಲ.

ಹಿಂದಿನ ವರ್ಷ ಯಾಪಲದಿನ್ನಿಯಿಂದ ಅಕ್ಕನನ್ನು ನೋಡಲು ಬಂದಿದ್ದರು. ಮಾತೆಲ್ಲ ಮುಗಿದು ಎಲೆಯಡಿಕೆಗೆ ಕೈ ಚಾಚುವ ಹೊತ್ತಿಗೆ ಸರಿಯಾಗಿ ಹುಡುಗನ ಅಜ್ಜ ಒಂದು ಸೀನು ಸೀನಿದ. ಎಲ್ಲರೂ ಎರಡನೆಯದಕ್ಕೆ ಕಾದರು. ಪಾಪ, ಅಜ್ಜನೂ ಮುಖ ಮೇಲೆತ್ತಿ, ಸೂರ್ಯನನ್ನು ನೋಡಿ, ಮೂಗಿನಲ್ಲಿ ಕಡ್ಡಿ ಆಡಿಸಿ ಬಹಳ ಪ್ರಯತ್ನ ಮಾಡಿದ. ಬರಲಿಲ್ಲ. ಅವರು ಎಲೆ ಮುಟ್ಟದೆ ಎದ್ದು ಹೋದರು. ಅಕ್ಕ ಆ ದಿನವೂ ಎಂದಿನಂತೆ ಚೀಲದ ಮುಂದೆ ಕೂತಳು. ಆದರೆ ತೊಟ್ಟಿನ ಬದಲು ಕಾಯನ್ನೇ ಮುರಿದು ಹಾಕುತ್ತಿದ್ದುದನ್ನು ನಾನು ನೋಡಿದೆ.

ಎಪ್ಪತ್ತೆಂಟರ ಫೆಬ್ರವರಿಯಲ್ಲಿ ಮಾನ್ವಿ ಕಡೆಯ ಹಿರೇಕೊಟ್ನೆಕಲ್‌ನಿಂದ ಇನ್ನೊಂದು ಸಂಬಂಧ ಬಂತು. ಭಾನುವಾರ ಬರುತ್ತೇವೆಂದು ಹೇಳಿಕಳಿಸಿದ್ದರು. ಈ ಸಲ ಅವ್ವ ಪಣ ತೊಟ್ಟಳು. ಚೀಲಗಳೆಲ್ಲ ಹಿತ್ತಲಿಗೆ ಹೋದವು. ಗೋಡೆಗೆ ಸುಣ್ಣ, ನೆಲಕ್ಕೆ ಮೂರು ಸಲ ಸೆಗಣಿ. ಹತ್ತಿ ಬಿಡಿಸಲು ಹೋದಲ್ಲಿ ಕೂಲಿಗೆಂದು ಕೊಟ್ಟ ಹತ್ತಿಯನ್ನು ಅವ್ವ ಕೂಡಿಟ್ಟಿದ್ದಳು. ಪಿಂಜಾರ ಖಾಸಿಂಸಾಬನನ್ನು ಕರೆಸಿ, ಅಂಗಳದಲ್ಲಿ ಅವನ ಬಿಲ್ಲು ಟಂಯ್ ಟಂಯ್ ಎನ್ನುವಂತೆ ಹಿಂಜಿಸಿ, ಕೆಂಪು ಪಟ್ಟೆಯ ಹೊಸ ಗಾದಿ ಹೊಲಿಸಿದಳು. ಬಂದವರು ಕೂರುವುದಕ್ಕೆ. ಅದರ ಮೇಲೆ ಅಪ್ಪನಿಗೂ ಕೂರುವ ಅಪ್ಪಣೆ ಇರಲಿಲ್ಲ. ಇಡೀ ಮನೆಯಲ್ಲಿ ಖಾರ ತಾಕದ ವಸ್ತು ಅದೊಂದೇ.

ಇನ್ನು ನಮ್ಮ ಭೂಗೋಳದ ಮೇಷ್ಟ್ರು. ಅವರು ಕರಾವಳಿಯವರು, ವರ್ಗವಾಗಿ ದೇವದುರ್ಗಕ್ಕೆ ಬಂದು ಬಿದ್ದಿದ್ದರು. ಸಮುದ್ರವಿಲ್ಲದ ಊರಿನಲ್ಲಿ ಭೂಗೋಳ ಹೇಳುವುದು ಹೇಗೆ ಎಂಬ ಕೊರಗು ಅವರಿಗೆ. ರಾಯಚೂರಿನಿಂದ ಗಬ್ಬೂರಿನ ಮೇಲೆ ಬರುವ ಬಸ್ಸು ಮಧ್ಯಾಹ್ನ ಪೇಪರು ತರುತ್ತಿತ್ತು. ಒಂದು ದಿನ ಆ ಪೇಪರು ಹಿಡಿದು ಓಡಿಬಂದರು.

"ಎಂಥದು ಮಾರಾಯ್ರೆ ಇದು! ಬೋಸ್ಟನ್ ನಗರ ಹಿಮದಲ್ಲಿ ಹೂತುಹೋಗಿದೆ! ಸಮುದ್ರದ ಬದಿಯ ಅಷ್ಟು ದೊಡ್ಡ ಪಟ್ಟಣ! ಕಾರುಗಳು ರಸ್ತೆಯಲ್ಲೇ ಮುಚ್ಚಿಹೋಗಿವೆ! ಜನ ಮನೆಯಿಂದ ಹೊರಗೆ ಬರಲಿಕ್ಕಿಲ್ಲ!"

ಸಮುದ್ರ ಕಾಣದ, ಹಿಮ ಕಾಣದ, ಒಟ್ಟಿಗೆ ಮೂರು ಕಾರುಗಳನ್ನೂ ಕಾಣದ ನಾವು ಬಾಯಿ ತೆರೆದು ಕೂತೆವು. ಆ ಶನಿವಾರ ಶಾಲೆಯ ಗ್ಯಾದರಿಂಗು, ಅಂದರೆ ವಾರ್ಷಿಕೋತ್ಸವ. ಅದಕ್ಕೆ ಹಾಕಿದ್ದ ನಾಟಕವನ್ನು ಮೇಷ್ಟ್ರು ನಿಂತ ಕಾಲಲ್ಲಿ ರದ್ದು ಮಾಡಿ "ಬೋಸ್ಟನ್ನಿನಲ್ಲಿ ಹಿಮಪಾತ" ಎಂದು ಘೋಷಿಸಿದರು. ಹಿಮಕ್ಕೆ ಹತ್ತಿ. ಹತ್ತಿಯ ಸೀಮೆಯಲ್ಲಿ ಹಿಮಕ್ಕೆ ಬರವೇ! ಎಲ್ಲರೂ ಮನೆಯಿಂದ ಒಂದೊಂದು ಬೊಗಸೆ ತರಬೇಕು. ಯಾರು ಹೆಚ್ಚು ತರುತ್ತಾರೋ ಅವರಿಗೆ ಬೋಸ್ಟನ್ನಿನ ಮೇಯರ್ ಪಾತ್ರ. ಮೇಯರಿಗೆ ಮೇಷ್ಟ್ರ ಉಣ್ಣೆಯ ಕೋಟು ಹಾಕಿಕೊಳ್ಳುವ ಅವಕಾಶ, ಮತ್ತು ನಾಟಕದ ಕೊನೆಯ ಮಾತು.

ನನಗೆ ಆ ಕೋಟು ಬೇಕಾಯಿತು. ಅದಕ್ಕೆ ನಾಲ್ಕು ಜೇಬಿದ್ದವು. ನನ್ನ ಲಂಗಕ್ಕೆ ಒಂದೂ ಇರಲಿಲ್ಲ. ಇಷ್ಟೇ ಕಾರಣ, ಮುಚ್ಚುಮರೆ ಯಾಕೆ?

ಶನಿವಾರ ಅವ್ವ ನೀರಿಗೆ ಹೋದಾಗ ಗಾದಿಯ ಹೊಲಿಗೆ ಬಿಚ್ಚಿದೆ. ಸಂಜೆ ನಾಟಕ ಮುಗಿದ ಮೇಲೆ ತುಂಬಿ ಹೊಲಿದರಾಯಿತು, ಭಾನುವಾರಕ್ಕೆ ಗಾದಿ ಸಿದ್ಧ, ಯಾರಿಗೆ ಏನು ಗೊತ್ತಾಗುತ್ತದೆ? ಹತ್ತಿ ಒಯ್ಯಲು ಚೀಲ ಬೇಕಿತ್ತು. ಹಿತ್ತಲಲ್ಲಿ ಬೇಕಾದಷ್ಟಿದ್ದವು. ಎರಡು ಚೀಲ ಝಾಡಿಸಿದೆ. ಮೂಸಿಯೂ ನೋಡಿದೆ, ಹೊಲಸು ಗಿಲಸು ಇರಬಾರದಲ್ಲ ಎಂದು. ನನ್ನ ಮೂಗಿಗೆ ಏನೂ ತಿಳಿಯಲಿಲ್ಲ. ತುಳಿದು ತುಳಿದು ಹತ್ತಿ ತುಂಬಿ, ತಲೆಯ ಮೇಲೆ ಹೊತ್ತು, ಮೇಯರಾಗಲು ಹೊರಟೆ.

ಮಧ್ಯಾಹ್ನ ಮೂರಕ್ಕೆ ನಾಟಕ ಶುರು. ಶಾಲೆಯ ಕಟ್ಟೆಯೇ ಬೋಸ್ಟನ್. ಒಂದು ನೀಲಿ ಸೀರೆ ಸಮುದ್ರ. ಹಿಂದೆ ಬೆಂಚಿನ ಮೇಲೆ ನಾಲ್ಕು ಹುಡುಗಿಯರು ಮರ ಹಿಡಿದು ನಿಂತಿದ್ದರು, ಜೋಳ ಹಸನು ಮಾಡುವ ಅದೇ ಮರ. ಹತ್ತಿ ಮೇಲೆಸೆದು ಬೀಸುವುದು ಅವರ ಕೆಲಸ. ಬಿರುಗಾಳಿಯ ಸದ್ದಿಗೆ ಮೇಷ್ಟ್ರು ಖಾಸಿಂಸಾಬನನ್ನೇ ಬಿಲ್ಲಿನ ಸಮೇತ ಕರೆತಂದಿದ್ದರು. ಅವನು ಕಟ್ಟೆಯ ಮೂಲೆಯಲ್ಲಿ ಕೂತು ಹತ್ತಿಯನ್ನು ಹಿಂಜುತ್ತ ಗಾಳಿಯನ್ನೂ ಹಿಮವನ್ನೂ ಒಟ್ಟಿಗೇ ತಯಾರಿಸುತ್ತಿದ್ದ. ಮುಂದಿನ ಕುರ್ಚಿಯಲ್ಲಿ ಮುಖ್ಯ ಅತಿಥಿಗಳಾಗಿ ಬಂದ ತಹಸೀಲ್ದಾರ ಸಾಹೇಬರು, ಅವರ ಹಿಂದೆ ಇಡೀ ಊರು, ನಾಳೆಯ ಸಾಮಾನು ತರಲು ಪೇಟೆಗೆ ಹೋದ ನಮ್ಮ ಮನೆಯವರನ್ನು ಬಿಟ್ಟು.

ಉಣ್ಣೆಯ ಕೋಟಿನಲ್ಲಿ ಬೆವರು ಧಾರಾಕಾರ ಸುರಿಸುತ್ತ ನಾನು ಮುಂದೆ ಬಂದು, "ಅಯ್ಯೋ, ಎಂಥ ಚಳಿ!" ಎಂದೆ. ಟಂಯ್ ಟಂಯ್ ಎಂದಿತು ಬಿಲ್ಲು. ಮರಗಳು ಬೀಸಿದವು. ಹತ್ತಿ ಎದ್ದಿತು ನೋಡಿ! ಚಂದ ಅಂದರೆ ಚಂದ. ಬಿಳಿ ಬಿಳಿ ತೇಲುತ್ತ ಕಟ್ಟೆ ತುಂಬಿ, ಸಮುದ್ರ ಮುಚ್ಚಿ, ಮೆಲ್ಲಗೆ ಜನರ ಮೇಲೆ ಹೋಯಿತು. ನಾನು ನಾಲ್ಕು ಜೇಬಿಗೂ ಸರದಿಯಂತೆ ಕೈ ಹಾಕುತ್ತ ನೋಡುತ್ತಿದ್ದೆ.

ಮೊದಲು ಸೀನಿದವರು ಸಾಹೇಬರು. ಆಮೇಲೆ ಹೆಡ್‌ಮಾಸ್ತರು. ಆಮೇಲೆ ಮುಂದಿನ ಸಾಲು, ನಡುವಿನ ಸಾಲು, ಬೇವಿನ ಗಿಡ ಹತ್ತಿ ಕೂತವರು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕೆಮ್ಮು, ಕ್ಯಾಕರಿಕೆ. ಬೋಸ್ಟನ್ನಿನ ನಾಗರಿಕರು ಸಮುದ್ರದಲ್ಲೇ ಮೂಗು ಒರೆಸಿಕೊಂಡರು. ಮರ ಬೀಸುವ ಹುಡುಗಿಯರು ಸೀನಿದ ರಭಸಕ್ಕೆ ಹಿಮ ಇನ್ನೂ ಜೋರಾಗಿ ಹಾರಿತು. ಇಡೀ ಊರಲ್ಲಿ ಸೀನದೆ ನಿಂತವಳು ನಾನೊಬ್ಬಳೇ. ನನ್ನ ಅಭಿನಯಕ್ಕೆ ಜನ ಅಳುತ್ತಿದ್ದಾರೆ ಎಂದುಕೊಂಡೆ.

"ನೋಡಿದ್ರಾ ಪರಿಣಾಮ!" ಎಂದು ಮೇಷ್ಟ್ರು ಕಣ್ಣೀರು ಸುರಿಸುತ್ತ ಹಿಗ್ಗಿದರು. "ಹಿಮ ಅಂದರೆ ಶೀತ! ನೆಗಡಿ ಬಂದೇ ಬಂತು!"

ಮುಂದೆ ಕೂತಿದ್ದ ಮುದುಕಿಯೊಬ್ಬಳು ಸೆರಗಿನಿಂದ ಮುಖ ಒತ್ತಿಕೊಂಡು, "ಯವ್ವಾ, ಹಿಮ ಹಿಂಗ ಉರೀತದೇನ! ಆ ಊರ ಮಂದಿ ಹೆಂಗ ಬದುಕ್ಯಾರ ಬೇ!" ಎಂದು ಬೋಸ್ಟನ್ನಿಗಾಗಿ ನಿಜವಾಗಿಯೂ ಮರುಗಿದಳು. ಸಾಹೇಬರು ಭಾಷಣದಲ್ಲಿ, ಇಂಥ ಸಹಜವಾದ ದೃಶ್ಯ ತಾವು ಎಲ್ಲೂ ಕಂಡಿಲ್ಲ ಎಂದು ಹೇಳಿ, ಸೀನಿ, ಕೂತರು.

ಜನ ಚದುರಿದ ಮೇಲೆ ಹತ್ತಿ ಬಳಿದು ಚೀಲಕ್ಕೆ ತುಂಬುತ್ತಿದ್ದೆ. ಖಾಸಿಂಸಾಬ ಕೆಂಪಾದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. ಒಂದು ಎಳೆ ಹತ್ತಿ ಎತ್ತಿ ಮೂಸಿ ಹಾರಿಬಿದ್ದ.

"ಯಾ ಅಲ್ಲಾ! ಬೇಟಿ, ಇದು ನಾ ಹಿಂಜಿದ ಹತ್ತಿ. ನಿಮ್ಮ ಗಾದೀದು. ಹೌದಿಲ್ಲೋ?"

"ಹೌದ್ರಿ," ಎಂದೆ.

"ಇದ್ರಾಗ ಖಾರ ಹೆಂಗ ಬಂತು?"

"ಖಾರ? ಎಲ್ಲಿ ಅದ ಖಾರ?"

ಅವನು ಚೀಲವನ್ನು ತಿರುವಿ ಹಿಡಿದು ಒಮ್ಮೆ ಬಡಿದ. ಸಂಜೆಯ ಬಿಸಿಲಿನಲ್ಲಿ ಕೆಂಪು ಪುಡಿ ಎದ್ದಿತು. ಅವನು ಏಳು ಸಲ ಸೀನಿದ. ನನಗೆ ಒಂದೂ ಬರಲಿಲ್ಲ. ಮೆಲ್ಲಗೆ, ಒಂದೊಂದಾಗಿ, ನನಗೆ ಎಲ್ಲವೂ ಹೊಳೆಯಿತು. ಸಾಹೇಬರ ಕಣ್ಣೀರು. ಮೇಷ್ಟ್ರ ನೆಗಡಿ. ನಾಳೆ ಗಾದಿ. ಗಾದಿಯ ಮೇಲೆ ಹಿರೇಕೊಟ್ನೆಕಲ್ಲಿನವರು. ಎಲೆಯಡಿಕೆ ಮುಟ್ಟದೆ ಎದ್ದು ಹೋದ ಯಾಪಲದಿನ್ನಿಯ ಅಜ್ಜ. ಅಲ್ಲೇ ಕೂತು ಅತ್ತುಬಿಟ್ಟೆ. ಖಾಸಿಂಸಾಬ ಬೈಯಲಿಲ್ಲ. ಬೇರೆ ಹತ್ತಿ ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಹೇಳಿ, ಮನೆಯ ಹಿತ್ತಲಿಗೆ ಬಂದು, ಸೀನು ತಡೆದುಕೊಳ್ಳುತ್ತ ತನ್ನ ದೊಡ್ಡ ಸೂಜಿಯಿಂದ ಗಾದಿ ಹೊಲಿದುಕೊಟ್ಟ. ಅವ್ವ ಬಂದು ಕೇಳಿದಾಗ, "ಒಂದು ಹೊಲಿಗಿ ಸಡಲಿತ್ತು ಯವ್ವಾ," ಎಂದು ಅತ್ತ ತಿರುಗಿ ಎರಡು ಸಲ ಸೀನಿ ಹೋದ. ಜೋಡಿ ಬಿತ್ತೆಂದು ಅವ್ವನಿಗೆ ಖುಷಿಯಾಯಿತು.

ಭಾನುವಾರ ಬೆಳಿಗ್ಗೆ ನಾನು, "ಅವ್ವಾ, ಚಾಪಿ ಹಾಸೋಣ, ಚಾಪಿ ಭಾಳ ತಂಪು," ಎಂದು ನೋಡಿದೆ. ತಲೆಗೆ ಒಂದು ಮೊಟಕು ಬಿತ್ತು. ಅಂಗಳಕ್ಕೆ ಒಯ್ದು ಕೋಲಿನಿಂದ ಬಡಿದು ನೋಡಿದೆ. ಬೀದಿಯಲ್ಲಿ ಹೋಗುತ್ತಿದ್ದ ಎತ್ತು ಸೀನಿತು. ಕೊನೆಗೆ ಒಲೆಯ ಮುಂದೆ ಕೂತಿದ್ದ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ನನ್ನ ತೊಡೆ ಹಿಡಿದು ಹಿಂಡಿದಳು ನೋಡಿ, ಆ ಕಲೆ ವಾರ ಇತ್ತು.

"ಕೋಟಿನ ಸಲುವಾಗಿ ನನ್ನ ಮದುವಿ ಕೆಡಿಸಿದಿ!"

"ನಾಕು ಜೇಬು ಇದ್ದವಕ್ಕಾ," ಎಂದೆ ಬಿಕ್ಕುತ್ತ.

ಅವಳಿಗೆ ನಗು ಬಂತು. ಆಮೇಲೆ ಅಳು ಬಂತು. ಕೊನೆಗೆ ಮೆಲ್ಲಗೆ, "ಆಂವ ಛಲೋ ಹುಡುಗ ಅದಾನಲೇ. ಮಾನ್ವಿ ಬಸ್ಟ್ಯಾಂಡಿನ್ಯಾಗ ನೋಡೀನಿ. ನನ್ನ ಮೂಟಿ ತಾನs ಎತ್ತಿ ಬಸ್ಸಿನ್ಯಾಗ ಇಟ್ಟ. ಈ ಸಲ ಆಗಬೇಕಿತ್ತು," ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹತ್ತು ಗಂಟೆಗೆ ಮೂವರು ಬಂದರು. ಹುಡುಗ ಹನುಮಂತ, ಅವನ ಅತ್ತೆ, ಮತ್ತು ಅವನ ಸೋದರಮಾವ. ಈ ಮಾವನದೇ ಅಧಿಕಾರ. ಶಕುನ ನೋಡದೆ ಚಪ್ಪಲಿ ಕೂಡ ಮೆಟ್ಟುವವನಲ್ಲ ಎಂದು ಮೊದಲೇ ಕೇಳಿದ್ದೆವು. "ಬರ್ರಿ, ಕೂಡ್ರಿ, ಗಾದಿ ಮ್ಯಾಲೆ ಕೂಡ್ರಿ," ಎಂದ ಅಪ್ಪ. ಮಾವ ಹಗುರಾಗಿ ಕೂರುವ ಆಳಲ್ಲ, ಧೊಪ್ಪನೆ ಬಿದ್ದ. ಗಾದಿ ಫುಸ್ ಎಂದು ಉಸಿರು ಬಿಟ್ಟಿತು. ನಾನು ಬಾಗಿಲ ಸಂದಿಯಲ್ಲಿ ಕಣ್ಣು ಮುಚ್ಚಿಕೊಂಡೆ.

"ಹುಡುಗ ಮಾನ್ವ್ಯಾಗ ಗಿರಣ್ಯಾಗ ಅದಾನ್ರಿ," ಎಂದು ಮಾವ ಶುರು ಮಾಡಿದ. "ಖಾರದ ಗಿರಣಿ. ಮೂರು ವರ್ಷಾತು, ಒಂದು ದಿನಾ ರಜಾ... ರಜಾ... ಹಾಕ್‌ಶೀ!"

ಒಂದು.

ಅಪ್ಪನ ಮುಖ ಸುಣ್ಣದ ಗೋಡೆಯ ಹಾಗಾಯಿತು. ಅಷ್ಟರಲ್ಲಿ ಅತ್ತೆ ಸೀನಿದಳು. ಎರಡು. "ಜೋಡಿ ಆತ್ರಿ! ಶುಭ!" ಎಂದು ಅಪ್ಪ ಕುಣಿದುಬಿಟ್ಟ. ಮಾವ ಹೌದೆಂದು ತಲೆಯಾಡಿಸಲು ಹೋಗಿ ಮತ್ತೆ ಸೀನಿದ. ಮೂರು. ಅತ್ತೆ, ನಾಲ್ಕು. ಮಾತುಕತೆ ಅಲ್ಲಿಗೇ ನಿಂತಿತು. ಅಪ್ಪ ಬಹಿರಂಗವಾಗಿಯೇ ಬೆರಳು ಮಡಿಚತೊಡಗಿದ. ಮಾವ ಐದು, ಮಾವನೇ ಆರು. ಅವ್ವ ಒಳಗೆ ಮನೆದೇವರಿಗೆ ಕಾಯಿ ಹರಕೆ ಹೊತ್ತಳು. ಅತ್ತೆ ಬಾಯಿ ತೆರೆದಳು, ಮುಚ್ಚಿದಳು, ತೆರೆದಳು. ಏಳು.

ಅಲ್ಲಿಗೆ ನಿಂತಿತು. ಮಾವ ಕಾದ. ಅತ್ತೆ ಕಾದಳು. ಎಲ್ಲರೂ ಅವರಿಬ್ಬರ ಮೂಗನ್ನೇ ನೋಡುತ್ತಿದ್ದರು. ಗಾದಿಯ ಖಾರ ಅಲ್ಲಿಗೇ ತೀರಿತೋ, ಮೂಗುಗಳೇ ಸೋತವೋ, ಏನೂ ಬರಲಿಲ್ಲ. ನನ್ನ ಕರ್ಮ ನೋಡಿ, ಹಿಂದಿನ ಸಂಜೆಯಿಂದ ಯಾರೂ ಸೀನಬಾರದು ಸೀನಬಾರದು ಎಂದು ಬೇಡಿಕೊಂಡವಳು ಈಗ ಇನ್ನೊಂದೇ ಒಂದು ಸೀನು ಕೊಡು ಎಂದು ಬೇಡುತ್ತಿದ್ದೆ.

ಮಾವ ನಿಟ್ಟುಸಿರುಬಿಟ್ಟು, ಟೊಪ್ಪಿಗೆ ಸರಿ ಮಾಡಿಕೊಂಡ. "ಏಳಕ್ಕ ನಿಂತಾದ. ಬೆಸ ಆತು. ನಾವು ಇನ್ನ..." ಎಂದು ಏಳಲು ಮೊಣಕಾಲಿಗೆ ಕೈಯೂರಿದ.

"ಹಾಕ್‌ಶೀ!"

ಎಲ್ಲರೂ ಬೆಚ್ಚಿಬಿದ್ದರು. ಆ ಸೀನು ಎರಡು ಕಡೆಯಿಂದ ಬಂದಿತ್ತು. ಗಾದಿಯ ಮೇಲೆ ಹನುಮಂತ ಮೂಗು ಹಿಡಿದು ಕೂತಿದ್ದ. ಬಾಗಿಲ ಮರೆಯಲ್ಲಿ ಚುರುಮುರಿ ತಟ್ಟೆ ಹಿಡಿದ ಅಕ್ಕ ಮೂಗು ಹಿಡಿದು ನಿಂತಿದ್ದಳು. ಅರ್ಧ ಚುರುಮುರಿ ಮಾವನ ಟೊಪ್ಪಿಗೆಯ ಮೇಲಿತ್ತು.

ಅಪ್ಪ ಲೆಕ್ಕ ಹಾಕಿದ. "ಎಂಟು... ಒಂಬತ್ತು." ಮತ್ತೆ ಬೆಸ.

ಮಾವ ಹುಡುಗನನ್ನು ನೋಡಿದ. ಬಾಗಿಲ ಕಡೆ ನೋಡಿದ. ಅವನ ಕಣ್ಣು ಕೆಂಪಗೆ ಊದಿದ್ದವು, ಮೂಗು ಟೊಮೇಟೊ ಆಗಿತ್ತು, ಆ ಗಾದಿಯ ಮೇಲಿಂದ ಹೇಗಾದರೂ ಪಾರಾದರೆ ಸಾಕು ಅನ್ನಿಸಿತ್ತೋ ಏನೋ. ಟೊಪ್ಪಿಗೆಯ ಚುರುಮುರಿ ತೆಗೆದು ಬಾಯಿಗೆ ಹಾಕಿಕೊಂಡು, ಅಗಿದು, ತೀರ್ಪು ಕೊಟ್ಟ.

"ಏ, ಹಂಗೆಂಗ ಒಂಬತ್ತು? ಒಂದs ಗಳಿಗಿಗೆ ಕೂಡೇ ಬಿದ್ದದ್ದು ಒಂದs ಲೆಕ್ಕ. ಎಂಟಾತು. ತರ್ರಿ ಎಲಿ ಅಡಿಕಿ. ಜಲ್ದಿ ತರ್ರಿ!"

ಆ ದಿನ ಅವರು ಹೋದ ಮೇಲೆ ಅಕ್ಕ ಮತ್ತು ನಾನು ಹಿತ್ತಲಿನಿಂದ ಚೀಲಗಳನ್ನು ಮತ್ತೆ ಒಳಗೆ ಎಳೆದು ತಂದೆವು. ತೊಟ್ಟು ಮುರಿಯುತ್ತ ನಾನು ಕೇಳಿದೆ: "ಅಕ್ಕಾ, ಹುಟ್ಟಿದಾಗಿಂದ ನಿನಗ ಎಂದರ ಶೀನು ಬಂದದೇನು?"

"ಇಲ್ಲ," ಎಂದಳು.

"ಮತ್ತ ಇವತ್ತು?"

ಅವಳು ಕೆಂಪು ರಾಶಿಯಿಂದ ತಲೆಯೆತ್ತಲಿಲ್ಲ. "ಮೂರು ವರ್ಷ ಖಾರದ ಗಿರಣ್ಯಾಗ ನಿಂತ ಮನಶಾಗ ಶೀನು ಬರ್ತದೇನು? ಹೋಗಿ ಆಂವನ್ನ ಕೇಳು," ಎಂದು ನಕ್ಕಳು. ಆ ದಿನ ಅವಳು ಒಂದು ಕಾಯನ್ನೂ ಮುರಿಯಲಿಲ್ಲ, ಬರೀ ತೊಟ್ಟುಗಳನ್ನೇ ಮುರಿದಳು.

ನಾನು ಮದುವೆಯಾಗಿ ರಾಯಚೂರಿಗೆ ಬಂದು, ಖಾರದ ಚೀಲಗಳಿಂದ ದೂರವಾಗಿ, ನನ್ನ ಮೂಗು ಎಲ್ಲರ ಮೂಗಿನಂತಾಯಿತು. ಟೀವಿ ಬಂದ ವರ್ಷ ಅಕ್ಕ, ಭಾವ ಮಾನ್ವಿಯಿಂದ ನೋಡಲು ಬಂದರು. ಯಜಮಾನರು ಬೀಗ ತೆಗೆದು, ಎರಡೂ ಬಾಗಿಲು ಸರಿಸಿ, ಗುಂಡಿ ತಿರುವಿದರು. ಗಾಳಿಯಿತ್ತು. ತೆರೆಯ ತುಂಬ ಬಿಳಿ ಕಾಳು ಸುರಿಯತೊಡಗಿದವು.

"ಬೋಸ್ಟನ್ನಿನ್ಯಾಗ ಇನ್ನೂ ನಿಂತಿಲ್ಲೇನಲೇ?" ಎಂದಳು ಅಕ್ಕ.

ನಾನು ಸೀನಿದೆ. ಒಂದೇ ಒಂದು. ಹೊಸ ಟೀವಿಯ ಮುಂದೆ ಒಂಟಿ ಸೀನೇ ಎಂದು ಯಜಮಾನರು ಮುಖ ಸಿಂಡರಿಸಿದರು. ಅಕ್ಕ ಭಾವನನ್ನು ನೋಡಿದಳು, ಭಾವ ಅಕ್ಕನನ್ನು ನೋಡಿದ. ಇಬ್ಬರೂ ಒಮ್ಮೆಗೇ, ಖಾರದ ಒಂದು ಕಣವೂ ಇಲ್ಲದ ಆ ಕೋಣೆಯಲ್ಲಿ, ಗಟ್ಟಿಯಾಗಿ ಸೀನಿದರು.

"ಮೂರಾತು, ಬೆಸ," ಎಂದರು ನಮ್ಮ ಯಜಮಾನರು.

"ಎರಡ್ರೀ," ಎಂದೆ. "ಅವರಿಬ್ಬರದು ಒಂದs ಲೆಕ್ಕ."